ಸುಂಕದ ಕಟ್ಟೆಯೂ ನಮ್ಮ ನೌಕರಿಯೂ

ಯುವಜನರ ಅಧ್ಯಯನ ಪಾಠ
ವಾಚನ: ಲೂಕ 3:10-14, ಲೂಕ 19:1-10, ಮತ್ತಾಯ 9:9



ಓದು ಮುಗಿಸಿ ಹೊಸೂರಿನಿಂದ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಕೆಲಸ ಹುಡುಕಿ ಹೋಗುವ ನಮಗೆ ಸಾಲದ ಆ್ಯಪ್ ನಡೆಸುವ ಕಂಪನಿಗಳಲ್ಲೂ ಕೆಲಸ ಸಿಗಬಹುದು. ಇಂಥ ಕೆಲವು ಆ್ಯಪ್‌ಗಳು ಸಾಲ ಪಡೆದವರ ಫೋನಿನಿಂದ ಬಂಧುಮಿತ್ರರ ನಂಬರುಗಳನ್ನೂ ಫೋಟೊಗಳನ್ನೂ ತೆಗೆದುಕೊಂಡು, ಕಂತು ತಪ್ಪಿದಾಗ ಎಲ್ಲರೆದುರು ಮಾನ ಕಳೆದಿವೆ. ಆ ಕಿರುಕುಳ ತಾಳಲಾರದೆ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಅಲ್ಲಿ ಕೆಲಸಕ್ಕೆ ಸೇರಬಹುದೇ?

ಸ್ನಾನಿಕ ಯೊವಾನ್ನರ ಬಳಿಗೆ ಬಂದ ಸುಂಕದವರೂ ತಾವೇನು ಮಾಡಬೇಕೆಂದು ಕೇಳಿದರು. ಯೊವಾನ್ನರು ಕೆಲಸ ಬಿಡಿ ಎನ್ನಲಿಲ್ಲ. ನಿಗದಿಯಾದುದಕ್ಕಿಂತ ಹೆಚ್ಚು ವಸೂಲು ಮಾಡಬೇಡಿ ಎಂದರು. ಬೆದರಿಸಿ ಹಣ ಕೀಳಬಾರದೆಂದು ಸೈನಿಕರಿಗೆ ಹೇಳಿದರು. ಜಕ್ಕಾಯ ಮೋಸದಿಂದ ಪಡೆದುದನ್ನು ನಾಲ್ಕರಷ್ಟು ಹಿಂದಿರುಗಿಸಲು ಮುಂದಾದ. ಹುದ್ದೆ ಬಿಟ್ಟನೆಂದು ಲೂಕ ಬರೆದಿಲ್ಲ. ಮತ್ತಾಯನಾದರೋ ಸುಂಕದ ಕಟ್ಟೆಯಿಂದಲೇ ಎದ್ದು ಹೋದ. ಎಲ್ಲರಿಗೂ ಒಂದೇ ಉತ್ತರವಿಲ್ಲ. ಆದರೆ ಎಲ್ಲರ ಮುಂದೆಯೂ ಒಂದೇ ಪ್ರಶ್ನೆಯಿದೆ: ನಮ್ಮ ಕೈಯ ಕೆಲಸದಿಂದ ಯಾರಿಗೆ ನೋವಾಗುತ್ತಿದೆ?

ಇತರರ ಪಾಪದಲ್ಲಿ ಬೇಕೆಂದೇ ನೇರವಾಗಿ ಕೈಜೋಡಿಸಿದರೆ, ಅದಕ್ಕೆ ಆಜ್ಞೆ ಅಥವಾ ಒಪ್ಪಿಗೆ ಕೊಟ್ಟರೆ, ತಡೆಯಬೇಕಾದಾಗ ತಡೆಯದಿದ್ದರೆ ನಮಗೂ ಹೊಣೆಯಿದೆ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (1868) ಕಲಿಸುತ್ತದೆ. ಎಲ್ಲರ ಹೊಣೆಯೂ ಸಮವಲ್ಲ. ಆ ಕಂಪನಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವರು ಕೇಡಿನಿಂದ ದೂರವಿದ್ದಾರೆ. ನಂಬರುಗಳನ್ನು ಕದಿಯುವ ಪ್ರೋಗ್ರಾಂ ಬರೆಯುವವರು ಅದರೊಳಗೇ ಇದ್ದಾರೆ. “ಹೇಳಿದ್ದನ್ನು ಮಾಡಿದೆವು” ಎಂಬ ಮಾತು ಅಲ್ಲಿ ಸಾಲದು.

ಸೇರುವ ಮುನ್ನ ಮೂರನ್ನು ವಿಚಾರಿಸೋಣ:

1. ಆ್ಯಪ್‌ನ ಹಿಂದೆ ರಿಸರ್ವ್ ಬ್ಯಾಂಕ್ ಮಾನ್ಯ ಮಾಡಿದ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆ ಇದೆಯೇ?

2. ಅದು ಫೋನಿನ ನಂಬರು ಪಟ್ಟಿ, ಕರೆಗಳ ದಾಖಲೆ, ಫೈಲುಗಳನ್ನು ಕೇಳುತ್ತದೆಯೇ? ರಿಸರ್ವ್ ಬ್ಯಾಂಕ್ 2022ರಲ್ಲೇ ಇದನ್ನು ನಿಷೇಧಿಸಿದೆ. ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವುದನ್ನೂ ಅದು ತಡೆದಿದೆ.

3. ದಿನವೂ ನಾವು ಮಾಡಬೇಕಾದ ಕೆಲಸವೇನು? ತಪ್ಪು ಆದೇಶವನ್ನು ನಿರಾಕರಿಸಲು ಅಲ್ಲಿ ಸಾಧ್ಯವೇ?

ಬೆದರಿಸುವುದು, ಕದಿಯುವುದೇ ಕೆಲಸವಾದರೆ ಸಂಬಳ ಎಷ್ಟಿದ್ದರೂ ಬೇಡ. ಕೆಲಸ ಕೇಡಿನಿಂದ ದೂರವಿದ್ದು, ಮನೆಯ ಕಷ್ಟ ದೊಡ್ಡದಾಗಿದ್ದರೆ, ಕಣ್ಣು ತೆರೆದುಕೊಂಡು ಸೇರಬಹುದು. ಬೇರೆ ಕೆಲಸವನ್ನೂ ಹುಡುಕುತ್ತಿರಬೇಕು. ಈಗಾಗಲೇ ಒಳಗೆ ಸಿಲುಕಿರುವವರು ಗುರುಗಳೊಡನೆ ಮಾತನಾಡಲಿ.

ಹಿರಿಯರಲ್ಲಿಯೂ ಒಂದು ಮಾತು. “ಬಿಟ್ಟುಬಿಡು” ಎನ್ನುವುದು ಸುಲಭ. ಬಿಟ್ಟವರ ಮನೆಯ ಬಾಡಿಗೆ, ತಂಗಿಯ ಶುಲ್ಕ ಮರುತಿಂಗಳೇ ಎದುರಿಗೆ ನಿಲ್ಲುತ್ತವೆ. ಅಂತಃಸಾಕ್ಷಿಗಾಗಿ ಕೆಲಸ ಬಿಟ್ಟವರಿಗೆ ಇನ್ನೊಂದು ಕೆಲಸ ಸಿಗುವವರೆಗೆ ಹೆಗಲು ಕೊಡುವುದು ಧರ್ಮಕೇಂದ್ರದ ಕರ್ತವ್ಯವಲ್ಲವೇ?

ಚರ್ಚೆಗೆ: ನಮ್ಮ ನಮ್ಮ ಕೆಲಸದಲ್ಲಿ “ನಿಗದಿಯಾದುದಕ್ಕಿಂತ ಹೆಚ್ಚು” ಎಂಬುದು ಯಾವುದು? ಕೆಲಸ ಬಿಟ್ಟ ಗೆಳೆಯರಿಗೆ ನಾವು ಏನು ಮಾಡಬಲ್ಲೆವು?

ಪ್ರಾರ್ಥನೆ: ಪ್ರಭುವೇ, ನಮ್ಮ ಅನ್ನದಲ್ಲಿ ಬಡವರ ಕಣ್ಣೀರು ಬೆರೆಯದಂತೆ ಕಾಪಾಡಿ. ಆಮೆನ್.