ಸ್ವಿಚ್ ಆರಿಸಿದರೆ ಸಾಲದು ಮಾರಾಯ

ಊರಿಗೆ ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೀಯ, ಸಂತೋಷ. ಆದರೆ ಬೆಂಗಳೂರಿನ ಅಭ್ಯಾಸದಲ್ಲಿ ಲ್ಯಾಪ್‌ಟಾಪನ್ನು ಇಡೀ ದಿನ ಪ್ಲಗ್ಗಿಗೆ ಸಿಕ್ಕಿಸಿಡಬೇಡ ಮಾರಾಯ, ಇದು ಮಲೆನಾಡು. ತೀರ್ಥಹಳ್ಳಿ ಕಡೆ ಮೂವತ್ತೆಂಟು ವರ್ಷ ರೇಡಿಯೋ, ಟಿ.ವಿ. ರಿಪೇರಿ ಮಾಡಿದವನು ನಾನು. ಭರಣಿ ಮಳೆ ಹೊಯ್ದ ಮರುದಿನ ಅಂಗಡಿ ಬಾಗಿಲು ತೆಗೆಯುವುದರೊಳಗೆ ಜಗಲಿ ಮೇಲೆ ನಾಲ್ಕೈದು ಸೆಟ್ಟು ಬಂದು ಕೂತಿರುತ್ತಿದ್ದವು. ಬಿಚ್ಚಿದರೆ ಸುಟ್ಟ ವಾಸನೆ, ಬೋರ್ಡಿನ ತುಂಬ ಮಸಿ. ತಂದವರದೆಲ್ಲ ಒಂದೇ ರಾಗ: "ಸ್ವಿಚ್ ಆಫ್ ಮಾಡಿದ್ವಲ್ಲ ಮಾರಾಯ್ರೆ!"

ಸ್ವಿಚ್ಚಿನ ಒಳಗಿನ ಸಂದು ಕೆಲವೇ ಮಿಲಿಮೀಟರ್. ಕಿಲೋಮೀಟರ್‌ಗಟ್ಟಲೆ ಗಾಳಿ ಸೀಳಿ ಬರುವ ಸಿಡಿಲಿಗೆ ಅದು ಯಾವ ಲೆಕ್ಕ? ಅಲ್ಲದೆ ಪ್ಲಗ್ಗಿನ ಪಕ್ಕದ ಸ್ವಿಚ್ಚು ಸಾಮಾನ್ಯವಾಗಿ ಕಡಿಯುವುದು ಫೇಸ್ ತಂತಿಯನ್ನಷ್ಟೇ, ನ್ಯೂಟ್ರಲ್ ಹಾಗೇ ಇರುತ್ತದೆ. ಸಿಡಿಲು ಮನೆಗೇ ಬೀಳಬೇಕೆಂದಿಲ್ಲ. ದೂರದ ಲೈನಿಗೆ ಬಡಿದರೂ ತಂತಿ ಹಿಡಿದು ಒಳಗೆ ಬರುತ್ತದೆ. ಆದ್ದರಿಂದ ಪ್ಲಗ್ಗನ್ನೇ ಕೀಳು. ಟಿ.ವಿ.ಯದಾದರೆ ಡಿಶ್ಶಿನ ಕೇಬಲನ್ನೂ ತಿರುಗಿಸಿ ತೆಗೆ, ಜನ ಮರೆಯುವುದು ಅದನ್ನೇ. ರೂಟರಿನ ಅಡಾಪ್ಟರನ್ನೂ ಬಿಡಬೇಡ.

ಆದರೆ ಗುಡುಗು ನೆತ್ತಿ ಮೇಲೆ ಬಂದಾಗ ಈ ಸಾಹಸ ಬೇಡ. ಹೋದರೆ ಟಿ.ವಿ. ಹೋಗಲಿ, ತಂತಿ ಮುಟ್ಟಬೇಡ. ಮಿಂಚಿದ ಮೇಲೆ ಗುಡುಗು ಕೇಳುವವರೆಗೆ ಎಣಿಸಿದರೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಮೂವತ್ತರ ಒಳಗೆ ಕೇಳಿಸಿತೋ, ಕೈಕಟ್ಟಿ ಕೂತುಕೋ. ಈಗ ಫೋನಿನಲ್ಲೇ ಮುನ್ಸೂಚನೆ ಬರುತ್ತದಲ್ಲ: ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯ 'ದಾಮಿನಿ', ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ 'ಸಿಡಿಲು'. ನಾನೂ ಮೊಮ್ಮಗಳ ಕೈಲಿ ಹಾಕಿಸಿಕೊಂಡಿದ್ದೇನೆ. ನೆಟ್‌ವರ್ಕ್ ಹೋದರೆ ಮಾತ್ರ ಅವೂ ಮೂಕ, ಆಗ ಕಿವಿಯೇ ಗತಿ.

ಸ್ಪೈಕ್ ಗಾರ್ಡ್ ಇದೆ ಎನ್ನುತ್ತೀಯ. ಅದರೊಳಗಿರುವುದು ಗುಂಡಿಯಷ್ಟಗಲದ ಒಂದು ಬಿಲ್ಲೆ. ಸಣ್ಣಪುಟ್ಟ ಏಟು ತಡೆಯುತ್ತದೆ, ಪ್ರತಿ ಏಟಿಗೂ ಸವೆಯುತ್ತದೆ. ಹತ್ತಿರದ ಸಿಡಿಲಿಗೆ ಅದೇ ಮೊದಲು ಸುಡುತ್ತದೆ. ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರಂತೂ ಅದರಿಂದ ಅರ್ಧ ಉಪಯೋಗವೂ ಇಲ್ಲ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ಎರಡು ಕೊಡ ನೀರು ಹೊಯ್ಯಿ.

ಮಳೆ ನಿಂತು ಕರೆಂಟು ಬಂತೆಂದು ಓಡಿ ಎಲ್ಲ ಸಿಕ್ಕಿಸಬೇಡ. ಕೊಂಬೆ ಬಿದ್ದು ನ್ಯೂಟ್ರಲ್ ತುಂಡಾಗಿದ್ದರೆ 230 ವೋಲ್ಟ್ ಇರಬೇಕಾದಲ್ಲಿ 400ರ ಹತ್ತಿರ ಬಂದೀತು. ಸಿಡಿಲಿಗಿಂತ ಹೆಚ್ಚು ಫ್ರಿಜ್ಜು ಸುಟ್ಟದ್ದು ಇದರಿಂದಲೇ ಎಂದು ನನ್ನ ಅನುಭವ. ಅದಕ್ಕೇ ಒಂದು ಹಳೇ ಗಾಜಿನ ಬಲ್ಬು ಉಳಿಸಿಕೊಂಡಿದ್ದೇನೆ. ಮೊದಲು ಅದನ್ನು ಹಾಕಿ, ಕಣ್ಣು ಕುಕ್ಕುವಂತೆ ಉರಿದರೆ ಮೇನ್ ಆರಿಸಿ ಲೈನ್‌ಮನ್‌ಗೆ ಫೋನು ಮಾಡುತ್ತೇನೆ.

ಬೋರ್ಡು ಹೋದರೆ ಬೇರೆ ಸಿಗುತ್ತದೆ. ಒಳಗಿದ್ದ ಫೋಟೋ, ಲೆಕ್ಕಪತ್ರ ಹೋದರೆ ನಾನೇನು, ಯಾರೂ ರಿಪೇರಿ ಮಾಡಿಕೊಡಲಾರರು. ಒಂದು ಪ್ರತಿ ಕ್ಲೌಡಿಗೆ ಹೋಗಲಿ. ಇನ್ನೊಂದನ್ನು ಹಾರ್ಡ್‌ಡಿಸ್ಕಿಗೆ ಹಾಕಿ ಬೀರುವಿನಲ್ಲಿಡು. ಲ್ಯಾಪ್‌ಟಾಪಿಗೆ ಸಿಕ್ಕಿಸಿಯೇ ಬಿಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ.

ಇವತ್ತು ಬೆಳಗಿನಿಂದ ಸೆಖೆ ಜೋರಿದೆ, ಗುಡ್ಡದಾಚೆ ಮೋಡ ಕಟ್ಟುತ್ತಿದೆ. ಊಟಕ್ಕೆ ಏಳುವಾಗ ಪ್ಲಗ್ಗು ಕಿತ್ತೇ ಏಳು.