ಬಿಲ್ಲಿಗೆ ಮೊದಲು ನಂಬರ್ ಕೊಡು

ಮಗಳೇ,

ಕೆಲಸ ಬಿಟ್ಟು ಸ್ವಂತವಾಗಿ ಡಿಸೈನ್ ಕೆಲಸ ಹಿಡಿದಿದ್ದೀಯ, ಜಿಎಸ್‌ಟಿ ನೋಂದಣಿಯೂ ಆಯಿತು, ಸಂತೋಷ. ಓಡಾಟದ ಖರ್ಚಿಗೆ ಕಟ್ಟಿದ ತೆರಿಗೆ ವಾಪಸ್ ಬರುತ್ತಂತೆ, ನಿಜವಾ ದೊಡ್ಡಪ್ಪ ಅಂತ ಕೇಳಿದ್ದೆ. ಕೆಲವಕ್ಕೆ ಬರುತ್ತದೆ, ಕೆಲವಕ್ಕೆ ತಿಪ್ಪರಲಾಗ ಹಾಕಿದರೂ ಬರುವುದಿಲ್ಲ. ವಾಪಸ್ ಅಂದರೆ ದುಡ್ಡು ಕೈಗೆ ಬರುವುದೂ ಅಲ್ಲ. ಗಿರಾಕಿಯಿಂದ ವಸೂಲು ಮಾಡಿ ನೀನು ಸರ್ಕಾರಕ್ಕೆ ಕಟ್ಟಬೇಕಾದ ಶೇ. 18ರ ಲೆಕ್ಕದಲ್ಲಿ ಅಷ್ಟು ಕಳೆಯಬಹುದು. ಇದನ್ನೇ ಆಡಿಟರ್‌ಗಳು ಇನ್‌ಪುಟ್ ಅನ್ನುವುದು. ಅದು ಸಿಗುತ್ತದೋ ಇಲ್ಲವೋ ಎನ್ನುವುದು ಮುಕ್ಕಾಲುಪಾಲು ಟಿಕೆಟ್ ಬುಕ್ ಮಾಡುವಾಗಲೇ ತೀರ್ಮಾನವಾಗಿರುತ್ತದೆ.

ಮೊದಲು ಸುಲಭದ್ದು. ಎಕಾನಮಿ ದರ್ಜೆಯ ವಿಮಾನ ಟಿಕೆಟ್‌ಗೆ ಶೇ. 5 ತೆರಿಗೆ, ರೈಲಿನ ಎಸಿ ದರ್ಜೆಗೂ ಅಷ್ಟೇ. ಸ್ಲೀಪರ್‌ಗೆ ತೆರಿಗೆಯೇ ಇಲ್ಲ, ಹಾಗಾಗಿ ಕೇಳುವ ಮಾತೂ ಇಲ್ಲ. ಬುಕ್ ಮಾಡುವಾಗಲೇ 29ರಿಂದ ಶುರುವಾಗುವ ನಿನ್ನ 15 ಅಕ್ಷರದ ಜಿಎಸ್‌ಟಿ ನಂಬರ್ ಹಾಕು. ಐಆರ್‌ಸಿಟಿಸಿಯಲ್ಲೂ ಅದಕ್ಕೆ ಜಾಗವಿದೆ. ವಿಮಾನದ ಟಿಕೆಟ್ಟೇ ಬಿಲ್ ಅಂದುಕೊಂಡು ಸುಮ್ಮನಾಗಬೇಡ. ಟ್ಯಾಕ್ಸ್ ಇನ್‌ವಾಯ್ಸ್ ಬೇರೆ ಇರುತ್ತದೆ, ಏರ್‌ಲೈನ್‌ನ ವೆಬ್‌ಸೈಟಿನಿಂದ ಇಳಿಸಿಕೊ.

ಹೆಚ್ಚಿನವರು ಎಡವುವುದು ಹೋಟೆಲಿನಲ್ಲಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ. 5, ಅದಕ್ಕೆ ಮೇಲ್ಪಟ್ಟರೆ ಶೇ. 18. ಹುಬ್ಬಳ್ಳಿಯಲ್ಲಿ 4,000ದಂತೆ ಎರಡು ರಾತ್ರಿ ಉಳಿದೆ ಅನ್ನು. ಬಿಲ್ಲಿನಲ್ಲಿ 8,000ದ ಕೆಳಗೆ ಕೇಂದ್ರದ ಪಾಲು ಸಿಜಿಎಸ್‌ಟಿ 200, ರಾಜ್ಯದ ಪಾಲು ಎಸ್‌ಜಿಎಸ್‌ಟಿ 200 ಇರುತ್ತದೆ. ಎರಡೂ ನಿನಗೆ ಸಿಗುತ್ತವೆ. ಮುಂಬೈ ರೂಮಿನ ಬಿಲ್ಲೂ ನೋಡುವುದಕ್ಕೆ ಹೀಗೇ ಇರುತ್ತದೆ, ಆದರೆ ಅಲ್ಲಿನ ಎಸ್‌ಜಿಎಸ್‌ಟಿ ಮಹಾರಾಷ್ಟ್ರದ್ದು. ರೂಮಿನ ವಿಷಯದಲ್ಲಿ ಕಟ್ಟಡ ಎಲ್ಲಿದೆಯೋ ಆ ರಾಜ್ಯವೇ ಲೆಕ್ಕ. ಕರ್ನಾಟಕದ ನೋಂದಣಿ ಇಟ್ಟುಕೊಂಡು ಆ 400ರಲ್ಲಿ ಒಂದು ಪೈಸೆಯನ್ನೂ ಪಡೆಯಲಾಗದು. ವಿಮಾನಕ್ಕೆ ಈ ತೊಡಕಿಲ್ಲ. ನೋಂದಣಿ ಇದ್ದವರಿಗೆ ಅವರವರ ರಾಜ್ಯವೇ ಲೆಕ್ಕ. ಅದಕ್ಕೇ ಹೊರರಾಜ್ಯದ ಕೆಲಸ ಒಪ್ಪಿಕೊಳ್ಳುವಾಗ, ರೂಮು ನೀವೇ ಮಾಡಿಕೊಡಿ ಎಂದು ಗಿರಾಕಿಗೆ ಹೇಳಿಬಿಡು. ಮುಂಬೈಯವರ ನಂಬರ್ 27ರಿಂದ ಶುರು, ಬಿಲ್ ಅವರ ಹೆಸರಿಗಿದ್ದರೆ ಆ ಇನ್‌ಪುಟ್ ಅವರಿಗೆ ದಕ್ಕುತ್ತದೆ.

ಊಟ-ತಿಂಡಿಯ ತೆರಿಗೆಯ ಆಸೆ ಬಿಟ್ಟುಬಿಡು. ಕಾಯಿದೆಯ 17(5)ನೇ ಕಲಮು ಅದಕ್ಕೆ ಬೀಗ ಹಾಕಿದೆ. ನಿನ್ನಂಥವರು ಡ್ರೈವರ್ ಸೇರಿ 13 ಸೀಟಿನೊಳಗಿನ ಕಾರು ಬಾಡಿಗೆಗೆ ಹಿಡಿದರೂ ಅದೇ ಗತಿ. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯೊಳಗೇ ಇಲ್ಲ. ಕೆಲಸ ಮುಗಿದ ಮೇಲೆ ಭಾನುವಾರ ಊರು ನೋಡಲು ಉಳಿದುಕೊಂಡರೆ ಆ ದಿನದ ರೂಮಿಗೆ ಬೇರೆ ಬಿಲ್ ಮಾಡಿಸು. ಸ್ವಂತದ ಖರ್ಚನ್ನು ಕೆಲಸದ ಲೆಕ್ಕಕ್ಕೆ ತುರುಕಬೇಡ. ತಪ್ಪಾಗಿ ತೆಗೆದುಕೊಂಡು ಬಳಸಿದ ಇನ್‌ಪುಟ್ಟಿಗೆ ವರ್ಷಕ್ಕೆ ಶೇ. 18 ಬಡ್ಡಿ ಬೀಳುತ್ತದೆ.

ಓಡಾಟದ ಖರ್ಚನ್ನು ಗಿರಾಕಿಯೇ ಕೊಡುವ ಕರಾರಿದ್ದರೆ ಇನ್ನೊಂದು ಎಚ್ಚರ. ಹುಬ್ಬಳ್ಳಿಯ 400 ಇನ್‌ಪುಟ್ ತೆಗೆದುಕೊಂಡಿದ್ದೀಯಲ್ಲ, ಬಿಲ್ಲಿನಲ್ಲಿ 8,000 ಮಾತ್ರ ತೋರಿಸಿ ಅದರ ಮೇಲೆ ನಿನ್ನ ಶೇ. 18 ಹಾಕು. 8,400 ತೋರಿಸಿದರೆ ಒಂದೇ ತೆರಿಗೆಯನ್ನು ಎರಡು ಕಡೆ ವಸೂಲು ಮಾಡಿದಂತಾಗುತ್ತದೆ. ಲೆಕ್ಕ ಗೊತ್ತಿದ್ದ ಗಿರಾಕಿ ಅದನ್ನು ಹಿಡಿದರೆ ಹೋಗುವುದು 400 ರೂಪಾಯಿ ಅಲ್ಲ, ಅವರ ನಂಬಿಕೆ.

ಪ್ರತಿ ತಿಂಗಳು 14ನೇ ತಾರೀಕಿಗೆ ಪೋರ್ಟಲ್‌ನಲ್ಲಿ 2ಬಿ, ಅಂದರೆ ನಿನಗೆ ಸಿಗುವ ಇನ್‌ಪುಟ್‌ನ ಪಟ್ಟಿ, ಬರುತ್ತದೆ. ನಿನ್ನ ಬಿಲ್ಲುಗಳನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೇ ತಾಳೆ ನೋಡು. ಅದರಲ್ಲಿ ಇಲ್ಲದ್ದನ್ನು 3ಬಿ ರಿಟರ್ನ್‌ನಲ್ಲಿ ಕೇಳುವ ಹಾಗಿಲ್ಲ. ನಂಬರ್ ಕೊಡದೆ ಬಂದಿದ್ದರೆ ಹೋಟೆಲಿನವರು ಅದನ್ನು ಸಾಮಾನ್ಯ ಗಿರಾಕಿಯ ಬಿಲ್ ಎಂದು ತೋರಿಸಿರುತ್ತಾರೆ. ಆಮೇಲೆ ಫೋನ್ ಮಾಡಿ ತಿದ್ದಿಸಲು ಹೊರಡುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ನಂಬರ್ ಕೊಟ್ಟೂ ಬಿಲ್ ಕಾಣದಿದ್ದರೆ ಕೂಡಲೇ ಬೆನ್ನು ಹತ್ತು. ಒಂದು ಆರ್ಥಿಕ ವರ್ಷದ ಬಿಲ್ಲುಗಳಿಗೆ ಆ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರವರೆಗೆ ಅವಕಾಶವಿದೆ. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಹಾಕಿದರೆ ಅಲ್ಲಿಗೇ ಮುಗಿಯಿತು.

ಕೊನೆಗೊಂದು ಮಾತು. ನಿನ್ನ ಗೆಳತಿಯರು ಬರೀ ಈ ಇನ್‌ಪುಟ್ ಆಸೆಗೆ ನೋಂದಣಿ ಮಾಡಿಸುತ್ತೇವೆ ಅಂದರೆ ಬೇಡ ಅನ್ನು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದವರಿಗೆ ಸಾಮಾನ್ಯವಾಗಿ ಅದು ಕಡ್ಡಾಯವಲ್ಲ. ಮಾಡಿಸಿದರೆ ರಿಟರ್ನ್ಸ್ ತಪ್ಪಿಸುವಂತಿಲ್ಲ, ಆಡಿಟರ್ ಫೀಸೂ ತಪ್ಪಿದ್ದಲ್ಲ. ನೀನೂ ಅಷ್ಟೇ, ತೆರಿಗೆ ನೋಡಿಕೊಂಡು ಹೋಟೆಲ್ ಆರಿಸಬೇಡ. ಶೇ. 18 ವಾಪಸ್ ಬರುತ್ತದೆಂದು 9,000ದ ರೂಮು ಹಿಡಿದರೆ ಬಾಡಿಗೆಯ 9,000 ಯಾವ ಸರ್ಕಾರವೂ ಕೊಡುವುದಿಲ್ಲ.