ಮನೆಯ ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು: ಬೀದರ ಸೀಮೆಯ ನೀರಿಗೆ ಯಾವುದು ತಕ್ಕದ್ದು

ಹೈದರಾಬಾದು, ಮುಂಬಯಿ ಮುಂತಾದ ಪಟ್ಟಣಗಳ ಅಂಗಡಿಗಳಲ್ಲಿ ಸಮುದ್ರದ ಬಣ್ಣದ ಮೀನುಗಳನ್ನು ಕಂಡು ಬಂದವರಿಗೆ, ಅಂಥ ತೊಟ್ಟಿಯೊಂದು ತಮ್ಮ ಪಡಸಾಲೆಯಲ್ಲಿಯೂ ಇರಬೇಕೆಂಬ ಆಸೆಯುಂಟಾಗುವುದು ಸಹಜ. ಈ ಮೀನುಗಳಲ್ಲಿ ರಾಸ್ ಎಂಬ ವಂಶದವು ಬಲು ಸೊಗಸಾದವು. ಈ ವಂಶದಲ್ಲಿ 500ಕ್ಕೂ ಹೆಚ್ಚು ಜಾತಿಗಳುಂಟು. ಲಕ್ಷದ್ವೀಪ ಮತ್ತು ಮನ್ನಾರ್ ಕೊಲ್ಲಿಗಳ ಹವಳದ ದಿಬ್ಬಗಳಲ್ಲಿ ಇವುಗಳಲ್ಲಿ ಹಲವು ವಾಸಿಸುತ್ತವೆ. ಹಸುರು, ನೀಲಿ, ಕೆಂಪು ಗೆರೆಗಳ ಈ ಮೀನುಗಳಲ್ಲಿ ಹಲವು ಜಾತಿಯವು ಹೆಣ್ಣಾಗಿ ಬೆಳೆದು, ಗುಂಪಿನಲ್ಲಿ ದೊಡ್ಡದಾದದ್ದು ಮುಂದೆ ಗಂಡಾಗಿ ಬಣ್ಣವನ್ನೂ ಬದಲಿಸುತ್ತದೆ. ಕೆಲವು ರಾತ್ರಿಯಾದೊಡನೆ ಮರಳಿನಲ್ಲಿ ಹುದುಗಿ ಮಲಗುತ್ತವೆ. ಹೊಸದಾಗಿ ತಂದ ಮೀನು ಹೆದರಿ ಎರಡು ಮೂರು ದಿವಸ ಮರಳಿನಿಂದ ಮೇಲೇಳದೆ ಇರುವುದೂ ಉಂಟು. ಸತ್ತಿತೆಂದು ಅಗೆದು ನೋಡುವವರು ಅದನ್ನು ನಿಜವಾಗಿಯೂ ಕೊಂದಾರು.

ಆದರೆ ಇದನ್ನು ಸಾಕುವ ವೆಚ್ಚವನ್ನು ಮೊದಲೇ ಲೆಕ್ಕ ಹಾಕತಕ್ಕದ್ದು. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 100 ಲೀಟರು ನೀರು ಹಿಡಿಯುತ್ತದೆ. ಸಮುದ್ರದ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುವುದರಿಂದ, ಇಷ್ಟು ನೀರಿಗೆ ಮೂರೂವರೆ ಕಿಲೋ ಲವಣ ಬೇಕು. ಅಡಿಗೆಯ ಉಪ್ಪು ಇದಕ್ಕೆ ಸಾಲದು. ಸುಣ್ಣ, ಮೆಗ್ನೀಸಿಯಂ ಮೊದಲಾದವು ಸೇರಿದ ಸಮುದ್ರಲವಣವನ್ನೇ ಕೊಳ್ಳಬೇಕು. ಬೇಸಗೆಯ ಒಣಗಾಳಿಗೆ ನೀರು ಮಾತ್ರ ಆರಿಹೋಗಿ ಉಪ್ಪು ತೊಟ್ಟಿಯಲ್ಲೇ ಉಳಿಯುವುದರಿಂದ ನೀರು ದಿನೇ ದಿನೇ ಉಪ್ಪೇರುತ್ತದೆ. ಆರಿದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕಲ್ಲದೆ ಉಪ್ಪುನೀರಿನಿಂದಲ್ಲ. ಇದಲ್ಲದೆ ಹವಳದ ತೊಟ್ಟಿಗೆ 24ರಿಂದ 27 ಡಿಗ್ರಿ ಸೆಂಟಿಗ್ರೇಡ್ ಶಾಖವು ಹಿತವಾದದ್ದು. ಹೊರಗೆ 40 ಡಿಗ್ರಿಯನ್ನು ಮೀರುವ ಬೀದರದ ವೈಶಾಖದಲ್ಲಿ ನೀರನ್ನು ತಣಿಸುವ ಯಂತ್ರವಿಲ್ಲದೆ ಇದು ಸಾಧ್ಯವಿಲ್ಲ. ವಿದ್ಯುತ್ತು ಅರ್ಧ ದಿನ ನಿಂತರೆ ತೊಟ್ಟಿಯೆಲ್ಲವೂ ಹಾಳಾದೀತು. ರಾಸ್ ಮೀನು ಹಾರುವ ಸ್ವಭಾವದ್ದಾದ್ದರಿಂದ ಮೇಲೆ ಜಾಳಿಗೆಯ ಮುಚ್ಚಳವೂ ಬೇಕು. ಇನ್ನು ಜೀವಂತ ಹವಳವನ್ನು ನಮ್ಮ ಸಮುದ್ರದಿಂದ ಕಿತ್ತು ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವಾದ ಅಪರಾಧ. ಯಾರಾದರೂ ಅಗ್ಗದಲ್ಲಿ ಕೊಡುತ್ತೇವೆಂದರೂ ಕೊಳ್ಳತಕ್ಕದ್ದಲ್ಲ.

ಕಡಲಿನಿಂದ ಸುಮಾರು 400 ಕಿಲೋಮೀಟರು ದೂರವಿರುವ ಈ ಸೀಮೆಯವರು ಇಷ್ಟೆಲ್ಲ ಶ್ರಮಪಡುವುದಕ್ಕಿಂತ ತಮ್ಮ ಬಾವಿಯ ನೀರು ಎಂಥದೆಂಬುದನ್ನು ತಿಳಿದು, ಅದಕ್ಕೆ ಒಗ್ಗುವ ಸಿಹಿನೀರಿನ ಮೀನನ್ನು ಆರಿಸುವುದು ಜಾಣತನ.

ಬೀದರ ಪಟ್ಟಣವು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲಿದೆ. ಮಳೆಯ ನೀರು ಈ ರಂಧ್ರಗಲ್ಲಿನಲ್ಲಿ ಇಳಿದು, ಕೆಳಗಿನ ಕರಿಕಲ್ಲಿನ ಪದರದ ಮೇಲೆ ನಿಲ್ಲುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ ನೌಬಾದಿನ ಕಡೆ ಅಗೆದ ಕಾರೇಜ್ ಎಂಬ ಸುರಂಗ ಕಾಲುವೆಯು ಈ ನೀರನ್ನೇ ಹೊರತರುತ್ತಿತ್ತು. ಜಂಬಿಟ್ಟಿಗೆಯಲ್ಲಿ ಸುಣ್ಣದ ಅಂಶವು ತೀರ ಕಡಿಮೆಯಾದ್ದರಿಂದ ಇಂಥ ನೀರು ಸಾಮಾನ್ಯವಾಗಿ ಮೆದು. ಭಾಲ್ಕಿ, ಔರಾದಗಳ ಕಡೆ ಎರೆಭೂಮಿಯೂ ಅದರ ಕೆಳಗೆ ಕರಿಕಲ್ಲೂ ಹೆಚ್ಚು. ಅಲ್ಲಿಯ ಬಾವಿಗಳ ನೀರು ಸಾಮಾನ್ಯವಾಗಿ ಗಡಸು, ಕ್ಷಾರಗುಣವುಳ್ಳದ್ದು. ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ತೊಗರಿಬೇಳೆ ಬೇಗ ಬೇಯದೆ, ಸಾಬೂನು ನೊರೆಗಟ್ಟದೆ, ಹಂಡೆಯ ಒಳಗೆ ಬಿಳಿಯ ಪೊರೆ ಕಟ್ಟುತ್ತಿದ್ದರೆ ಅದು ಗಡಸುನೀರು. ಈ ಸಂಗತಿಯನ್ನು ಮನೆಯ ಹೆಂಗಸರು ಯಾವ ಪರೀಕ್ಷಕನಿಗಿಂತಲೂ ಚೆನ್ನಾಗಿ ಬಲ್ಲರು.

ಗಡಸುನೀರಿಗೆ ಗಪ್ಪಿ, ಮಾಲಿ, ಪ್ಲಾಟಿ, ಕತ್ತಿಬಾಲದ ಮೀನು ಇವು ಬಹಳ ಚೆನ್ನಾಗಿ ಒಗ್ಗುತ್ತವೆ. ಇವು ಮೊಟ್ಟೆಯಿಡದೆ ಮರಿಹಾಕುವ ಜಾತಿಗಳು. ಸುಮಾರು ತಿಂಗಳಿಗೊಮ್ಮೆ ಮರಿಗಳಾಗುವುದರಿಂದ ಮತ್ತೆ ಮತ್ತೆ ಕೊಳ್ಳುವ ಖರ್ಚಿಲ್ಲ. ಮೆದುನೀರಿಗೆ ಟೆಟ್ರಾ, ರಾಸ್ಬೋರ, ಬಾರ್ಬ್ ಜಾತಿಗಳು ಹಿತವಾದವು.

ಹೊಸ ತೊಟ್ಟಿಯ ಮೀನುಗಳು ಮೊದಲ ತಿಂಗಳಲ್ಲೇ ಸಾಯುವುದಕ್ಕೆ ದೃಷ್ಟಿದೋಷವೋ ಅಂಗಡಿಯವನ ಮೋಸವೋ ಕಾರಣವೆಂದು ಜನರು ಹೇಳುವುದುಂಟು. ನಿಜವಾದ ಕಾರಣವು ಹೆಚ್ಚಾಗಿ ಬೇರೆ. ಮೀನಿನ ಮಲಮೂತ್ರ ಮತ್ತು ಉಳಿದ ಆಹಾರಗಳಿಂದ ಅಮೋನಿಯಾ ಎಂಬ ವಿಷವು ಹುಟ್ಟುತ್ತದೆ. ಅದನ್ನು ಮೊದಲು ನೈಟ್ರೈಟಾಗಿಯೂ, ಆಮೇಲೆ ಅಷ್ಟು ಹಾನಿಕರವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಮರಳಿನಲ್ಲಿಯೂ ಶೋಧಕದಲ್ಲಿಯೂ ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ನೀರು ಕ್ಷಾರವಾದಷ್ಟೂ ಬಿಸಿಯಾದಷ್ಟೂ ಅಮೋನಿಯಾದ ವಿಷವು ಏರುವುದರಿಂದ, ಭಾಲ್ಕಿ ಔರಾದಗಳವರು ಬೇಸಗೆಯಲ್ಲಿ ಹೊಸ ತೊಟ್ಟಿಯನ್ನು ಆರಂಭಿಸಲೇಬಾರದು. ಮಳೆಗಾಲ ಕಳೆದ ಮೇಲೆ, 100 ಲೀಟರಿಗೆ ಐದಾರು ಗಪ್ಪಿಗಳನ್ನು ಮಾತ್ರ ಬಿಟ್ಟು, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರವನ್ನು ದಿನಕ್ಕೊಮ್ಮೆ ಕೊಡತಕ್ಕದ್ದು. ವಾರಕ್ಕೊಮ್ಮೆ ಐದರಲ್ಲೊಂದು ಪಾಲು ನೀರನ್ನು ತೆಗೆದು ಹೊಸದನ್ನು ಸೇರಿಸಬೇಕು. ಎಲ್ಲ ನೀರನ್ನೂ ಚೆಲ್ಲಿ ಮರಳನ್ನು ತಿಕ್ಕಿ ತೊಳೆದರೆ ಆ ಸೂಕ್ಷ್ಮಜೀವಿಗಳೂ ಹೋಗುತ್ತವೆ. ನಳದ ನೀರಿನಲ್ಲಿ ಕ್ಲೋರಿನ್ ಇದ್ದರೆ, ಅಗಲವಾದ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಆಮೇಲೆ ಉಪಯೋಗಿಸಬೇಕು. ತೆಗೆದ ನೀರು ಬಾಳೆ, ಮಲ್ಲಿಗೆಗಳಿಗೆ ಒಳ್ಳೆಯ ಗೊಬ್ಬರ.

ಬಿಸಿಯಾದ ನೀರಿನಲ್ಲಿ ಪ್ರಾಣವಾಯು ಕಡಿಮೆ ಕರಗುತ್ತದೆ. ಮೀನುಗಳು ಮೇಲೆ ಬಂದು ಬಾಯಿಬಾಯಿ ಬಿಡುತ್ತಿದ್ದರೆ ಇದೇ ಸೂಚನೆ. ತೊಟ್ಟಿಯನ್ನು ಬಿಸಿಲು ಬೀಳದ ಗೋಡೆಯ ಬಳಿ ಇಟ್ಟು, ಆ ದಿನಗಳಲ್ಲಿ ಆಹಾರವನ್ನು ಕಡಿಮೆಮಾಡಿ, ಗಾಳಿಯೂದುವ ಪಂಪನ್ನು ಹಗಲಿರುಳೂ ನಡೆಸಬೇಕು. ತುಂಬಿದ ತೊಟ್ಟಿಯ ನೀರೇ ಒಂದು ಕ್ವಿಂಟಾಲು ತೂಗುವುದರಿಂದ ಸಾಮಾನ್ಯ ಮೇಜಿನ ಮೇಲೆ ಇಡಬಾರದು.

ಗಪ್ಪಿಯು ಸೊಳ್ಳೆಯ ಮರಿಹುಳುಗಳನ್ನು ತಿನ್ನುತ್ತದೆ. ಹೆಚ್ಚಿದ ಮರಿಗಳನ್ನು ದನಗಳ ನೀರಿನ ತೊಟ್ಟಿ, ಹೊರಕ್ಕೆ ನೀರು ಹರಿಯದ ಬಳಕೆಯ ಹೌದು, ಇವುಗಳಲ್ಲಿ ಬಿಟ್ಟರೆ ಡೆಂಗೆ ಜ್ವರವನ್ನು ಹರಡುವ ಸೊಳ್ಳೆಯೂ ಕಡಿಮೆಯಾದೀತು. ಆದರೆ ಬೇಸರವಾಯಿತೆಂದು ಯಾವ ಬಣ್ಣದ ಮೀನನ್ನೇ ಆಗಲಿ ಹಳ್ಳಕ್ಕೋ, ಕಾರಂಜಾ ಜಲಾಶಯಕ್ಕೋ, ಮಾಂಜ್ರಾ ನದಿಗೋ ಬಿಡಕೂಡದು. ಪರದೇಶದ ಮೀನುಗಳು ಅಲ್ಲಿ ನೆಲೆಯೂರಿ ನಾಡಮೀನಿನ ಮೊಟ್ಟೆಮರಿಗಳನ್ನು ತಿಂದರೆ, ಆ ನೀರನ್ನು ನಂಬಿ ಬಲೆ ಬೀಸುವವರ ಜೀವನಕ್ಕೆ ಧಕ್ಕೆಯಾಗುತ್ತದೆ. ಬೇಡವಾದ ಮೀನನ್ನು ಅಂಗಡಿಗೆ ಹಿಂದಿರುಗಿಸಬಹುದು, ಇಲ್ಲವೆ ತೊಟ್ಟಿಯುಳ್ಳ ನೆರೆಯವರಿಗೆ ಕೊಡಬಹುದು.